ಇಲಿಗಳಿಗೆ ಯಾರೂ ಹೇಳದ ಗಣಿತ

ಹೆಚ್ಚು ಓದಿದವರ ಮೇಲೆ ನನಗೇನೂ ದ್ವೇಷವಿಲ್ಲ. ಓದಿದ್ದನ್ನು ನನ್ನ ಮನೆಗೆ ಬಂದು ಪ್ರಯೋಗಿಸದಿದ್ದರೆ ಸಾಕು. ನನ್ನ ಹೆಂಡತಿಯ ತಮ್ಮ ಧಾರವಾಡದಲ್ಲಿ ಗಣಿತದ ಸಂಶೋಧನೆ ಮಾಡುತ್ತಿದ್ದ. ಎಪ್ಪತ್ತರ ದಶಕದ ಕೊನೆಯ ಮಾತು. ಬೆಕ್ಕು, ಇಲಿಗಳ ಸಂತತಿ ಹೆಚ್ಚುತ್ತ ಕುಗ್ಗುತ್ತ ಒಂದು ಜಾಗದಲ್ಲಿ ಹೇಗೆ ಮಚ್ಚೆಮಚ್ಚೆಯಾಗಿ ಹರಡಿಕೊಳ್ಳುತ್ತದೆ ಎಂಬುದು ಅವನ ವಿಷಯ. ಇದಕ್ಕೂ ಸರ್ಕಾರ ಸಂಬಳ ಕೊಡುತ್ತದಂತೆ! ಬೆಟಗೇರಿಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತಿದ್ದ ನನಗೆ ಅದನ್ನು ಕೇಳಿಯೇ ಬೆನ್ನುನೋವು ಹೆಚ್ಚಾಯಿತು.

ನಾದಿನಿಯ ಮದುವೆ ಗೊತ್ತಾಗಿತ್ತು, ಬೀಗರು ಲಕ್ಷ್ಮೇಶ್ವರದವರು. ಧಾರೆಗೆ ನಾನು ನೇಯ್ದ ಸೀರೆಯನ್ನೇ ಉಡುತ್ತೇನೆಂದು ಹುಡುಗಿಯ ಹಟ. ನಾವು ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಬರುವ, ನೂಲಿಗೆ ಗಂಜಿ ಹಚ್ಚಿ, ಒಣಗಿಸಿ, ಸುತ್ತಿ, ಇಲಿಗೆ ಸಿಗದಂತೆ ತೊಲೆಗೆ ಹಗ್ಗದಿಂದ ತೂಗುಹಾಕುತ್ತೇವೆ. ಆ ವರ್ಷದ ಇಲಿಗಳು ಹಗ್ಗ ಹಿಡಿದು ಇಳಿಯುವುದನ್ನೂ ಕಲಿತಿದ್ದವು. ನನ್ನ ಪೇಚಾಟ ನೋಡಿ, ಮದುವೆಯ ಕೆಲಸಕ್ಕೆಂದು ಬಂದು ನಮ್ಮಲ್ಲೇ ಉಳಿದಿದ್ದ ಭಾವಮೈದುನ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಯ ನಕ್ಷೆ ಬರೆದ. ಬೆಕ್ಕಿಗೊಂದು ಸುತ್ತು, ಇಲಿಗಳಿಗೆ ಮಚ್ಚೆಗಳು, ನಡುವೆ ಬಯಲು.

"ಮಾವಾರ, ಅಟ್ಟದ ಈ ಮೂಲಿ ನೋಡ್ರಿ. ಸಮೀಕರಣದ ಪ್ರಕಾರ ಇಲ್ಲಿ ಇಲಿ ಸಾಂದ್ರತಾ ಸೊನ್ನಿ. ಹಾಸು ಇಲ್ಲೇ ಇಡ್ರಿ."

"ಇದು ಇಲಿಗೆ ಗೊತ್ತೈತೇನಲೇ?"

"ಗೊತ್ತಿರಬೇಕಾಗಿಲ್ರಿ. ಪಾಲಿಸ್ತಾವು."

ಹೆಂಡತಿ ಅಡುಗೆಮನೆಯಿಂದಲೇ, "ತೊಲಿಗೇ ಇರ್ಲಿ, ಹಗ್ಗಕ್ಕೊಂದು ತಗಡು ಹಾಕ್ರಿ ಸಾಕು" ಎಂದಳು. ತಗಡು ನನಗೆ ಅರ್ಥವಾಗುವ ವಸ್ತು. ಆದ್ದರಿಂದಲೇ ಅದಕ್ಕೆ ಬೆಲೆ ಕೊಡಲಿಲ್ಲ. ಅಟ್ಟ ಹತ್ತಿ ನೋಡಿದೆ. ಮೂಲೆಯಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಹಾಸನ್ನು ಅಲ್ಲಿಟ್ಟು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಹಾಸು ಹೋಗಿ ಹಿಂಜಿದ ಅರಳೆಯಾಗಿತ್ತು. ನನಗೆ ಅಳು ಬಂತು. ಭಾವಮೈದುನನಿಗೆ ಬಂದದ್ದು ಆನಂದ!

"ಗಂಜೀನ ಲೆಕ್ಕಕ್ಕ ತಗೊಂಡಿದ್ದಿಲ್ರಿ ಮಾವಾರ! ಊಟ ಇಟ್ಟ ಕಡೆ ಮಚ್ಚಿ ಸರೀತೈತಿ. ಭಾರೀ ಫಲಿತಾಂಶ!"

ಊಟವಿದ್ದಲ್ಲಿ ಇಲಿ ಬರುತ್ತದೆಂದು ಕಂಡುಹಿಡಿಯಲು ನನ್ನ ಹಾಸೇ ಬೇಕಾಗಿತ್ತೇನೋ, ಪುಣ್ಯಾತ್ಮಾ! ಇಂಥವರಿಗೆ ಡಾಕ್ಟರ್ ಅನ್ನಬೇಕಂತೆ, ಡಾಕ್ಟರ್!

ಮತ್ತೊಂದು ಹಾಸು ಹೂಡಿ ನೇಯಲು ವೇಳೆ ಇರಲಿಲ್ಲ. ತಾನು ಉಡಲೆಂದು ಮಡಚಿಟ್ಟಿದ್ದ ಒಂದೇ ಹೊಸ ಸೀರೆಯನ್ನು ಹೆಂಡತಿ ತಂಗಿಗೆ ಕೊಟ್ಟಳು. ಮದುವೆಯಲ್ಲಿ ಹೆಂಡತಿಯ ಮೈಮೇಲೆ ಮಾಸಿದ ಹಳೆಯ ಸೀರೆ. ಮುಂಡರಗಿಯಿಂದ ಬಂದ ಅತ್ತೆಯೊಬ್ಬರು ಎಲ್ಲರೆದುರು, "ಏನವಾ, ನೇಕಾರರ ಮನ್ಯಾಕಿಗೆ ಹೊಸಾ ಸೀರಿ ಇಲ್ಲೇನು?" ಎಂದು ಕೇಳಿಯೇಬಿಟ್ಟರು.

"ಏನ್ ಮಾಡೂದ್ರಿ ಅತ್ತಿ," ಎಂದಳು, "ನಮ್ಮನಿಯಾಗ ಇಬ್ಬರು ಶಾಣ್ಯಾರು ಅದಾರ."

ಅಲ್ಲಿಯವರೆಗೆ ನಾನು ಒಬ್ಬನನ್ನೇ ಎಣಿಸಿದ್ದೆ.