ಕುಂಬ್ರಕ್ಕೊಂದು ಮೊಳೆ, ಆಲೆಟ್ಟಿಗೊಂದು ಮೊಳೆ

ವ್ಯವಸ್ಥೆಯೆಂಬುದಕ್ಕೆ ಈ ಭೂಮಂಡಲದಲ್ಲಿ ಪರಮಶತ್ರು ಯಾರಾದರೂ ಇದ್ದರೆ ಅವರು ನನ್ನ ಸೋದರಮಾವನೇ ಸರಿ! ಪುತ್ತೂರಿನ ದರ್ಬೆಯಲ್ಲಿ, ಬಸ್ಸು ನಿಲ್ಲುವೆಡೆಯಲ್ಲೇ ಅವರ ಸೋಡಾದಂಗಡಿ. ಸುಳ್ಯದ ಕಡೆಗೆ ಹೋಗಬೇಕಾದ ಊರವರ ಸಾಮಾನೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಮಾವ ಅವನ್ನು ಜಂತಿಯ ಮೊಳೆಗಳಿಗೆ ನೇತುಹಾಕುವರು. ಬಸ್ಸು ಬಂದೊಡನೆ ತಲೆಯೆತ್ತದೆಯೇ ಕೈಚಾಚಿ, ಊರ ಹೆಸರು ಹೇಳಿ ಒಂದೊಂದನ್ನೇ ಕಂಡಕ್ಟರನಿಗೆ ಕೊಡುವರು. ಕೊಡೆಯ ಪಕ್ಕದಲ್ಲಿ ಕೋಟು, ಕೋಟಿನ ಪಕ್ಕದಲ್ಲಿ ಕಷಾಯ! ಇದನ್ನು ಯಾವ ವಿದ್ಯಾವಂತ ಸಹಿಸಿಯಾನು?

ನಾನಾದರೋ ಮಂಗಳೂರಿನಿಂದ ಆಗಷ್ಟೇ ಬಿ.ಎ. ಮುಗಿಸಿ ಬಂದವನು, ವಂಶಕ್ಕೇ ಮೊದಲಿಗ. ಜಟಿಲತೆ ಬೇರೆ, ಗೊಂದಲ ಬೇರೆ ಎಂದು ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಎರಡು ಪುಟ ಬರೆದು ತೇರ್ಗಡೆಯಾದವನು. ಮಾವ ಊಟಕ್ಕೆ ಹೋದಾಗ ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ, ಮೊಳೆಗಳ ಕೆಳಗೆ ಊರ ಹೆಸರನ್ನು ದುಂಡಗೆ ಬರೆದು ಅಂಟಿಸಿದೆ. ಆಲೆಟ್ಟಿ ಮೊದಲು, ಸುಳ್ಯ ಕೊನೆಗೆ.

"ಇದೆಂತ ಮಾರಾಯ, ಜಂತಿಗೆ ನಾಮ ಹಾಕಿದ್ದಾ?" ಎಂದು ಮಾವ ನಕ್ಕರು. ನಾನು ವಿವರಿಸುವಷ್ಟರಲ್ಲಿ ಬಸ್ಸು ಬಂತು. ಅವರ ಕೈ ಎಂದಿನಂತೆ ಮೇಲೆ ಹೋಯಿತು.

ಸಂಜೆ ಆಲೆಟ್ಟಿಯ ಗೃಹಸ್ಥರೊಬ್ಬರು ಕೋಟು ಹಿಡಿದುಕೊಂಡು ಬಸ್ಸಿನಿಂದ ಇಳಿದರು. "ಅಮ್ಮನಿಗೆ ದಮ್ಮು ಹೆಚ್ಚಾಗಿ ಉಸಿರು ತೆಗೀಲಿಕ್ಕೆ ಆಗುದಿಲ್ಲ. ನೀವು ಮದ್ದಿನ ಬದಲು ಸುಳ್ಯದ ಮದುಮಗನ ಕೋಟು ಕಳಿಸಿದ್ದೀರಿ! ಅಮ್ಮನಿಗೆ ಎಂತ ಮದುವೆ ಉಂಟಾ ಮಾರಾಯ್ರೆ?"

ಅವರ ಮದ್ದು ಕುಂಬ್ರದಲ್ಲೇ ಇಳಿದಿತ್ತು. ಅಲ್ಲಿ ಎಮ್ಮೆಯ ಮದ್ದಿಗಾಗಿ ಕಾದಿದ್ದವರು ಅದನ್ನು ಎಮ್ಮೆಗೇ ಕುಡಿಸಿದ್ದರು. ಎಮ್ಮೆಯ ಉಸಿರಾಟ ಅತ್ಯುತ್ತಮವಾಗಿತ್ತೆಂದು ಆಮೇಲೆ ತಿಳಿಯಿತು!

"ತಪ್ಪು ನನ್ನದು, ಕೈ ತಪ್ಪಿತು," ಎಂದರು ಮಾವ, ನನ್ನ ಕಡೆಗೆ ನೋಡದೆ. ಪಂಡಿತರಲ್ಲಿಗೆ ಓಡಿ ಇನ್ನೊಂದು ಬಾಟಲಿ ತಂದು, ತಾವೇ ಆಲೆಟ್ಟಿಗೆ ಹೊರಟರು. ಮರುದಿನ ಮರಳಿದವರು ಹೇಳಿದ್ದು ಇಷ್ಟೇ: "ಅಜ್ಜಿ ಗಂಜಿ ಉಂಡರು."

ನನ್ನ ಬಿ.ಎ. ಆಗಲೂ ಸುಮ್ಮನಿರಲಿಲ್ಲ. "ಹೆಸರು ಬರ್ದಿದ್ದೆನಲ್ಲ ಮಾವ, ಓದಬಾರದಿತ್ತಾ?"

"ಓದ್ಲಿಕ್ಕೆ ಬಂದ್ರೆ ಓದ್ತಿದ್ದೆ. ಬಾಗಿಲ ಹತ್ರದ್ದು ಕುಂಬ್ರ, ಮತ್ತೆ ಕಾವು, ಜಾಲ್ಸೂರು, ಸುಳ್ಯ, ಕಡೇದು ಆಲೆಟ್ಟಿ. ಬಸ್ಸು ಹೋದ ಹಾಗೆ ಮೊಳೆ. ನನ್ನ ಅಕ್ಷರ ಅದೇ ಅಲ್ವಾ?"

"ದಿನಾ ಪೇಪರ್ ಹಿಡ್ಕೊಂಡು ಕೂತುಕೊಳ್ಳುದು?"

"ಚಿತ್ರ ನೋಡ್ಲಿಕ್ಕೆ."

ನಾನು ಚೀಟಿಗಳನ್ನು ಒಂದೊಂದಾಗಿ ಕಿತ್ತೆ. ಮಾವನ ಕುರ್ಚಿಯ ಹಿಂದೆ, ಯಾವ ಬಸ್ಸಿಗೂ ಸೇರದ ಮೊಳೆಯೊಂದಿತ್ತು. ಅದರಲ್ಲೊಂದು ಕಾಗದದ ಕಟ್ಟು. ಬಿಚ್ಚಿದರೆ, ಕಾಲೇಜಿನಿಂದ ನಾನು ಬರೆದ ಪತ್ರಗಳು. ಒಂದನ್ನೂ ಒಡೆದಿರಲಿಲ್ಲ.

"ಯಾರ ಹತ್ರ ಆದ್ರೂ ಓದಿಸ್ಬಹುದಿತ್ತಲ್ಲ ಮಾವ?"

"ಎಂತಕ್ಕೆ? ಕಾಗದ ಬಂತು ಅಂದ್ರೆ ನೀನು ಸೌಖ್ಯ ಇದ್ದಿ ಅಂತ." ಮಾವ ಕಟ್ಟನ್ನು ಮತ್ತೆ ಅದೇ ಮೊಳೆಗೆ ತೂಗಿಸಿದರು. "ಪರೀಕ್ಷೆ ಸಮಯದಲ್ಲಿ ಬರ್ಲಿಲ್ಲ ನೋಡು, ಆಗ ಮಾತ್ರ ಹೆದರಿದ್ದು."