ಅಗಲ ಮಾನಿಟರ್, ಅದರ ವಾರಂಟಿ, ಮತ್ತ ನಮ್ಮ ಅತ್ತಿ

ಡಿಟಿಪಿ ಅಂಗಡ್ಯಾಗ ಕುಂತವರಿಗೆ ದಿನಕ್ಕೊಮ್ಮೆರೆ ಎದಿ ಧಸಕ್ ಅನ್ನಲಿಲ್ಲ ಅಂದ್ರ, ಅವತ್ತು ಅಂಗಡಿ ಶಟರೇ ಎತ್ತಿಲ್ಲ ಅಂತ ತಿಳ್ಕೋಬೇಕು. ಜೇವರ್ಗಿಯೊಳಗ ಕಚೇರಿ ಸಾಲಿನ ಎದುರಿಗೆ ನಂದೊಂದು ಅಂಗಡಿ ಅದ. ಅರ್ಜಿ ಟೈಪ್ ಮಾಡೋದು, ಲಗ್ನಪತ್ರಿಕಿ, ಹುಟ್ಟಿದಹಬ್ಬದ ಬ್ಯಾನರ್, ತೀರಿಹೋದವರ ಬ್ಯಾನರ್, ಎಲ್ಲಾ ನನ್ನ ಕೈಲೇ ಆಗ್ತದ. ಮಂದಿ ಗಾಬರಿಯಾಗೋದು, ನನ್ನ ಗಾಬರಿ ಮಾಡೋದು ಎರಡೂ ನನಗ ರೂಢಿ ಆಗಿತ್ತು. ಆದ್ರ ಒಂದು ಮಾನಿಟರ್ ತಗೊಳ್ಳೋದ್ರಾಗ ಇಷ್ಟೆಲ್ಲಾ ಆಗ್ತದಂತ ಮೊದಲೇ ಯಾರರ ಹೇಳಿದ್ರ, ನಾ ಪಾಟಿ ಬಳಪ ಹಿಡಕೊಂಡೇ ಅಂಗಡಿ ನಡಸ್ತಿದ್ದೆ.

ಸೊರಗಿದ ಮದುಮಗ

ನನ್ನ ಹಂತೇಕ ಹಳೇ ಚೌಕ ಮಾನಿಟರ್ ಇತ್ತು. ಸರಿಯಾಗಿ ಲಗ್ನದ ಸೀಜನ್ ಶುರುವಾದಾಗ ಅದು ಕೈ ಕೊಡ್ತು. ಕೆಲಸ ನಿಲ್ಲಬಾರದಂತ ಮನ್ಯಾಗಿನ ಟಿವಿ ತಂದು ಕಂಪ್ಯೂಟರಿಗೆ ಹಚ್ಚಿದೆ. ಕಂಪ್ಯೂಟರಿಗೆ ಚೌಕ ಪರದೆ ರೂಢಿ, ಟಿವಿ ನೋಡಿದ್ರ ಅಗಲ. ಹಿಂಗಾಗಿ ಅದು ಪ್ರತಿಯೊಂದು ಚಿತ್ರಾನೂ ಎರಡೂ ಕಡಿ ಜಗ್ಗಿ ಅಗಲ ಮಾಡಿ ತೋರಸ್ತಿತ್ತು. ಆ ಸುದ್ದಿ ನನಗ ಎಲ್ಲಿ ಗೊತ್ತು?

ನೆಲೋಗಿಯಿಂದ ಒಂದು ಲಗ್ನದ ಬ್ಯಾನರ್ ಬಂತು. ಮದುಮಗನ ಫೋಟೋ ತಗದು ನೋಡ್ತೇನಿ, ಮುಖ ಜ್ವಾಳದ ರೊಟ್ಟಿಯಂಗ ಹರವಿಕೊಂಡದ! ಪಾಪ, ಲಗ್ನದ ಹುಡುಗ, ಊರ ಮಂದಿ ಮುಂದ ಇಷ್ಟು ದಪ್ಪ ಕಾಣಬಾರದು ಅಂತ ನನಗ ಅಂತಃಕರಣ ಬಂತು. ಎರಡೂ ಕಡಿಯಿಂದ ಒತ್ತಿ ಒತ್ತಿ ಸಣ್ಣ ಮಾಡಿದೆ. ಟಿವಿಯೊಳಗ ರಾಜಕುಮಾರನಂಗ ಕಂಡ. ಪ್ರಿಂಟ್ ಮಾಡಿಸಿ ಸುರುಳಿ ಸುತ್ತಿ ಕಳಿಸಿಬಿಟ್ಟೆ.

ಲಗ್ನದ ದಿನ ಮುಂಜಾನಿ ಮದುಮಗನ ಅಪ್ಪಂದು ಫೋನು. "ಬಾಯಾರ, ನಾ ನನ್ನ ಮಗನ ಫೋಟೋ ಕೊಟ್ಟಿದ್ದೆ. ನೀವು ಯಾರದು ಹಾಕೀರಿ?"

ಬಿದ್ದಂಗ ಎದ್ದಂಗ ಓಡಿದೆ. ಮಂಟಪದ ಬಾಗಿಲಿಗೆ ಬ್ಯಾನರ್ ತೂಗಾಕತ್ತಿತ್ತು. ಅಯ್ಯೋ ಶಿವನೇ! ಎಷ್ಟೋ ದಿನದಿಂದ ಊಟ ಕಾಣದವರಂಗ ಕಪಾಳ ಒಳಗ ಹೋಗಿ, ಕುತ್ತಿಗಿ ಉದ್ದಾಗಿ, ಹುಡುಗ ಕಡ್ಡಿಯಾಗಿದ್ದ. ಎದುರಿಗೆ ಮದುಮಗಳ ಸ್ವಾದರಮಾವ ನಡಕ್ಕ ಕೈ ಇಟ್ಕೊಂಡು ನಿಂತಿದ್ದ. "ನಾವು ನೋಡಾಕ ಬಂದಾಗ ಹುಡುಗ ಛಲೋ ಇದ್ದನಲ್ರಿ. ಇಷ್ಟರಾಗ ಹಿಂಗ್ಯಾಕಾದ? ಏನರ ಜಡ್ಡು ಮುಚ್ಚಿಟ್ಟೀರೇನು?" ಅಂತ ಬೀಗರನ್ನ ಕೇಳಾಕತ್ತಿದ್ದ.

ತಪ್ಪು ನಂದು ಅಂತ ಎಷ್ಟು ಹೇಳಿದ್ರೂ ಯಾರೂ ಕೇಳಲಿಲ್ಲ. ಕಡಿಗೆ ಮದುಮಗನನ್ನೇ ಕರದ್ರು. ಅವ ಮೈತುಂಬ ಅರಿಷಿಣ ಹಚ್ಚಿಕೊಂಡವ ಹಂಗೇ ಬಂದು ಬ್ಯಾನರ್ ಕೆಳಗ ನಿಂತ. ಸ್ವಾದರಮಾವ ಅವನ ರಟ್ಟಿ ಒತ್ತಿ ನೋಡಿದ, ಬೆನ್ನು ತಟ್ಟಿ ನೋಡಿದ, ಆಮ್ಯಾಲೆ ಮಂದಿ ಕಡಿ ತಿರುಗಿ ಹೇಳಿದ: "ಹುಡುಗ ಗಟ್ಟಿ ಅದಾನ, ನಡೀರಿ. ಜಡ್ಡು ಬ್ಯಾನರಿಗೆ ಬಂದದ."

ಟಾವೆಲ್ ಒಳಗಿನ ಬೆರಳು

ಆ ಬ್ಯಾನರ್ ನಾ ಪುಕ್ಕಟ ಹೊಸಾದು ಮಾಡಿಕೊಟ್ಟೆ. ಅದಕ್ಕಿಂತ ದೊಡ್ಡ ದಂಡ ಮನ್ಯಾಗ ಕಾದಿತ್ತು. ನಮ್ಮ ಅತ್ತಿ ಹೊಸ್ತಿಲದಾಗ ಕುಂತು ತೀರ್ಪು ಕೊಟ್ರು. "ಏನವಾ, ಮಂದಿ ಲಗ್ನ ಮುರಿಯೋ ಅಂಗಡಿ ನಮಗ ಬ್ಯಾಡ. ಇನ್ನೊಮ್ಮೆ ಆ ಮಿಷನ್ ಕೆಟ್ಟು ಮಂದಿ ಕೆಲಸ ಕೆಡ್ತಂದ್ರ, ಶಟರ್ ಇಳಿಸಿ ಕೀಲಿ ನನ್ನ ಕೈಯಾಗ ಕೊಡಬೇಕು." ಅತ್ತಿ ಮಾತು ಆಡಿದ್ರ ಆಡಿದಂಗೇ. ನನಗ ಅಳುನೇ ಬಂತು. ಆ ಅಂಗಡಿ ಯಾರೂ ಕಟ್ಟಿಕೊಟ್ಟದ್ದಲ್ಲ, ನಾ ಕಟ್ಟಿದ್ದು. ಅದು ಉಳೀಬೇಕಂದ್ರ ನನಗ ಛಲೋ ಅಗಲ ಮಾನಿಟರ್ ಬೇಕು, ಅದು ಕೆಟ್ರ ಮರುದಿನಾನೇ ಬಂದು ನೋಡೋರೂ ಬೇಕು.

ನಮ್ಮ ಮನಿಯವರು ಬಸ್ ಕಂಡಕ್ಟರು, ಅಫಜಲಪುರ ಕಡಿ ಡ್ಯೂಟಿ, ರಜಾ ಸಿಗಲಿಲ್ಲ. ಹಿಂಗಾಗಿ ನಮ್ಮ ಮಾವನೋರು ನನ್ನ ಕೂಡ ಕಲಬುರಗಿಗೆ ಹೊಂಟ್ರು. ಮಾವನೋರು ಮೈ ಮ್ಯಾಲಿನ ಸುಳಿ ನೋಡಿ ಎತ್ತು ಆರಿಸಿ ತರೋದ್ರಾಗ ದೊಡ್ಡ ಹೆಸರು ಮಾಡಿದವರು. "ಎತ್ತೇನು, ಮಾನಿಟರೇನು, ಕೊಡೋರ ಮುಖ ನೋಡಿದ್ರ ಸಾಮಾನು ಗೊತ್ತಾಗ್ತದ" ಅಂದ್ರು.

ಅಲ್ಲಿ ಕಂಪ್ಯೂಟರ್ ಅಂಗಡಿಯವ ಬ್ಯಾರೆ ಕಡಿಯಿಂದ ಬಂದು ಹೊಸಾದಾಗಿ ಅಂಗಡಿ ಹಾಕಿದಾಂವ. ಎರಡು ಮಾನಿಟರ್ ಮುಂದಿಟ್ಟ. ನೋಡಾಕ ಎರಡೂ ಅಣ್ಣತಮ್ಮರಂಗ ಇದ್ವು. ಒಂದು ಸೋವಿ, ವಾರಂಟಿ ಒಂದೇ ವರ್ಷ, ಕೆಟ್ರ ನಾವೇ ಹೊತ್ಕೊಂಡು ಕಲಬುರಗಿಗೆ ಬರಬೇಕು. ಇನ್ನೊಂದಕ್ಕ ಮೂರು ಸಾವಿರ ಹೆಚ್ಚಿಗೆ, ಮೂರು ವರ್ಷ ವಾರಂಟಿ, ಅವರೇ ಬಂದು ನೋಡ್ತಾರ. ನಾ ಮೂರು ವರ್ಷದ್ದರ ಮ್ಯಾಲೆ ಕಣ್ಣು ಇಟ್ಟಿದ್ದೆ.

ಮಾವನೋರು ಕೇಳಿದ್ರು, "ಕೆಟ್ರ ಅಂದ್ರ ಏನೇನು ಕೆಟ್ರ ಬರ್ತೀರಿ?"

"ಎಲ್ಲಾದಕ್ಕೂ ಬರ್ತೀವ್ರಿ. ಪರದೆ ಮ್ಯಾಲಿನ ಬೆಳಕಿನ ಚುಕ್ಕಿ ಆರಿ ಸತ್ರೂ ಬರ್ತೀವಿ. ಆದ್ರ ಒಂದೆರಡು ಸತ್ರ ಇಲ್ರಿ, ಐದಾರಾದ್ರೂ ಸಾಯಬೇಕು."

ಮಾವನೋರು ಹೌಹಾರಿ ನನ್ನ ಮುಖ ನೋಡಿದ್ರು. "ಹೊಸಾದ್ರಾಗ ಸಾಯೋದಂದ್ರ ಏನಪಾ! ನಾವು ಬಸವಣ್ಣನ ಮಂದಿ, ನಮ್ಮ ಮನ್ಯಾಗ ಸೂತಕ ಹಿಡಿಯಂಗಿಲ್ಲ ಖರೆ. ಹಂಗಂತ ದಿನಾ ಸತ್ತಿದ್ದು ಎಣಸ್ಕೋತ ಕುಂದರಾಕೂ ಆಗಂಗಿಲ್ಲ."

ಆಮ್ಯಾಲೆ ದರದ ಮಾತು ಬಂತು. ಎತ್ತಿನ ಪ್ಯಾಟ್ಯಾಗ ದರ ಬಾಯಿಲೆ ಹೇಳಂಗಿಲ್ಲ. ಕೈ ಮ್ಯಾಲೆ ಟಾವೆಲ್ ಹಾಕಿ, ಒಳಗಿಂದೊಳಗ ಬೆರಳು ಹಿಡದು ಹೇಳ್ತಾರ, ಆಜುಬಾಜು ಇದ್ದವರಿಗೆ ಗೊತ್ತಾಗಬಾರದಂತ. ಮಾವನೋರಿಗೆ ಅದೊಂದೇ ವ್ಯಾಪಾರ ಗೊತ್ತು. ಹೆಗಲ ಮ್ಯಾಲಿನ ಟಾವೆಲ್ ಜಗ್ಗಿದವರೇ ಅಂಗಡಿಯವನ ಕೈ ಮ್ಯಾಲೆ ಒಗದು, ಒಳಗ ಅವನ ಬೆರಳು ಗಟ್ಟಿ ಹಿಡದ್ರು. ಅಂಗಡಿಯವ "ಏನ್ರಿ! ಏನ್ರಿ ಇದು!" ಅಂತ ಚೀರಿದ. ಸಾಮಾನು ನೋಡಾಕ ಬಂದಿದ್ದ ಮಂದಿ ಎಲ್ಲಾ ಸರದು ನಿಂತ್ರು. ನಾ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅಂತ ಒದ್ದಾಡಿದೆ. ಅವ ಗಾಬರಿಯಾಗಿ ಕೈ ಜಗ್ಗಿದ. ಮಾವನೋರ ಲೆಕ್ಕದಾಗ ಅದೂ ಒಂದು ಉತ್ತರನೇ. "ಹಾಂ, ಮುಗೀತು. ಐನೂರು ಕಡಿಮಿಗೆ ಒಪ್ಪಿದಿ" ಅಂದ್ರು.

"ನಾ ಯಾವಾಗ ಒಪ್ಪಿದ್ನಿರಿ?"

"ಬೆರಳು ಜಗ್ಗಿದೆಲ್ಲೋ ತಮ್ಮಾ! ಈಗ ಮಾತು ತಿರುವಬ್ಯಾಡ."

ಆ ಹುಡುಗ ಇನ್ನೊಮ್ಮೆ ಕೈ ಹಿಡದಾರು ಅಂತ ಅಂಜಿನೋ ಏನೋ, ಐನೂರು ಬಿಟ್ಟೇ ಕೊಟ್ಟ. ಮೂರು ವರ್ಷದ್ದಕ್ಕೇ ಬಿಲ್ ಆತು, ಇನ್ನೇನು ಡಬ್ಬಿಗೆ ಹಾಕಬೇಕು, ಮಾವನೋರು "ತಡಿ ತಡಿ" ಅಂದ್ರು. ಮಾನಿಟರ್ ತಿರುವಿ, ಹಿಂದಿನ ಮೈ ಮ್ಯಾಲೆ ಕೈ ಆಡಿಸಿ, ನಡುವ ಇದ್ದ ಕಂಪನಿಯ ದುಂಡನ ಗುರುತು ಒತ್ತಿ ನೋಡಿ, ಸಮಾಧಾನಲೆ ಗೋಣು ಹಾಕಿದ್ರು. "ಸುಳಿ ಛಲೋ ಜಾಗಾದಾಗ ಬಿದ್ದದ. ಹೊಡಕೊಂಡು ನಡಿ."

ಮೂರು ವರ್ಷ

ಮಾನಿಟರ್ ಅಂಗಡಿಗೆ ಬಂದ ದಿನ ನಮ್ಮ ಮನಿಯವರ ಫೋನ್ ಬಂತು. ಅವರು ಬಸ್ಸಿನ್ಯಾಗ, ನಾ ಹೈವೇ ಬಾಜೂಕ. ಲಾರಿ ಸಪ್ಪಳದಾಗ ಏನೂ ಕೇಳಂಗಿಲ್ಲ. "ಎಷ್ಟು ವರ್ಷದ್ದು ಆತು?" ಅಂತ ಅವರು ಒದರಿದ್ರು. ನಾ ಅದಕ್ಕಿಂತ ಜೋರಾಗಿ, "ಮೂರು ವರ್ಷ ಆತ್ರಿ, ವಾರಂಟಿ! ಅತ್ತಿಗೆ ಹೇಳಬ್ಯಾಡ್ರಿ!" ಅಂದೆ. ಎರಡೂವರೆ ಸಾವಿರ ಹೆಚ್ಚಿಗೆ ಕೊಟ್ಟದ್ದು ಅತ್ತಿಗೆ ಗೊತ್ತಾಗಬಾರದಿತ್ತು, ಅಷ್ಟೇ.

ಬಾಜೂಕ ಒಬ್ಬ ಚಹಾದಂಗಡಿಯವ ಅದಾನ. ಕೋರ್ಟು ಕಚೇರಿ ಅಂತ ತಿರುಗೋ ಮಂದಿನೇ ಅವನ ಗಿರಾಕಿಗಳು. ಅವನ ಕಿವಿಗೆ ವಾರಂಟಿ ಅನ್ನೋ ಶಬ್ದ ಪೂರಾ ಬೀಳಂಗಿಲ್ಲ, ವಾರಂಟ್ ಅನ್ನೋತನಕ ಬಿದ್ದು ಅಲ್ಲೇ ನಿಂದರ್ತದ. ಅವ ಒಂದು ಕಪ್ಪಿಗೆ ಒಂದು ಸಲದಂಗ ಸುದ್ದಿ ಹಂಚಿದ.

ಮಧ್ಯಾಹ್ನದಿಂದ ನೋಡ್ತೇನಿ, ಅಂಗಡಿಗೆ ಬಂದವರೆಲ್ಲಾ ದನಿ ಸಣ್ಣ ಮಾಡಿ ಮಾತಾಡಾಕತ್ತಾರ. ಒಬ್ಬ ವಕೀಲರು ಒಳಗ ಬಂದು, "ಚಿಂತಿ ಮಾಡಬ್ಯಾಡ್ರಿ, ಮ್ಯಾಲಿನ ಕೋರ್ಟಿಗೆ ಹೋಗೋಣ" ಅಂದು ಹೋದ್ರು. ನನಗ ತಲಿಬುಡ ತಿಳೀಲಿಲ್ಲ. ಪಿಂಚಣಿ ಅರ್ಜಿಗೆ ದಿನಾ ಬರೋ ಮುದುಕಿಯಂತೂ ನನ್ನ ಎರಡೂ ಕೈ ಹಿಡಕೊಂಡು ಗಳಗಳ ಅತ್ತಳು. "ಯವ್ವಾ, ಇಂಥಾ ಬಂಗಾರದಂಥಾಕಿಗೆ ಹಿಂಗ ಆಗಬಾರದಿತ್ತು. ಹೋಗೂಕಿಂತ ಮೊದಲ ನಂದೊಂದು ಅರ್ಜಿ ಟೈಪ್ ಮಾಡಿಟ್ಟು ಹೋಗು."

"ಎಲ್ಲಿಗೆ ಹೋಗಲಬೇ?" ಅಂದೆ.

"ಜೇಲಿಗೆ!"

ಎದ್ದವಳೇ ಸೀದಾ ಚಹಾದಂಗಡಿಗೆ ನುಗ್ಗಿದೆ. "ಏನಣ್ಣಾ, ನಾಲಿಗಿಗೆ ಎಲುಬಿಲ್ಲಂತ ಏನು ಬೇಕಾದ್ದು ಒದರ್ತಿಯೇನು? ವಾರಂಟಿ ನನಗಲ್ಲ, ಮಾನಿಟರಿಗೆ!" ಅಂತ ಎಲ್ಲರ ಮುಂದ ಬೈದೆ. ಅವ ಚಹಾ ಸೋಸೋದು ಬಿಟ್ಟು, ಬಾಯಿ ತಕ್ಕೊಂಡು ನನ್ನ ಅಂಗಡಿ ಕಡಿ ನೋಡಿದ.

"ಮಾನಿಟರಿಗೆ? ಪಾಪ, ಇವತ್ತೇ ಬಂದದ. ಅದೇನು ಮಾಡಿತ್ರಿ?"

ಸೈಟಿಗೆ ಬಂದಾಂವ

ಹೊಸ ಮಾನಿಟರ್ ನನ್ನ ಕಣ್ಣಿಗೆ ಹಬ್ಬ ಮಾಡ್ತು. ಮದುಮಗ ಮದುಮಗನಂಗೇ ಕಾಣ್ತಿದ್ದ, ಮದುಮಗಳು ಮದುಮಗಳಂಗೇ. ಆದ್ರ ಮುಂದಿನ ಲಗ್ನದ ಸೀಜನ್ನಾಗ ಒಂದಿನ ಚಾಲೂ ಮಾಡ್ತೇನಿ, ಪರದೆ ನಟ್ಟನಡುವ ಮ್ಯಾಲಿಂದ ಕೆಳಗಿನ ತನಕ ಹಸರು ಗೆರಿ! ಅತನೂರಿನ ಒಂದು ಮದುಮಗಳ ಮೂಗು ಎರಡು ಪಾಲಾಗಿತ್ತು. ಬ್ಯಾನರ್ ಎರಡು ದಿನದಾಗ ಕೊಡಬೇಕು. ಅತ್ತಿ ಹೇಳಿದ್ದು ಮರೀತೇನು? ಕಂಪನಿಗೆ ಫೋನ್ ಹಚ್ಚಿ, ಅವರು ಬಂದು ನೋಡೋದೊಂದೇ ದಾರಿ. ಬರಲಿಲ್ಲ ಅಂದ್ರ ಕೀಲಿ ಅತ್ತಿ ಕೈಯಾಗ. ಫೋನ್ ಮಾಡಿ ಹೇಳಿದೆ. "ತಿರುಗಿ ಫೋನ್ ಮಾಡ್ತೀವಿ" ಅಂದ್ರು.

ಆ ಫೋನ್ ಬಂದಾಗ ನಾ ಜಳಕಕ್ಕ ಹೋಗಿದ್ದೆ. ಅತ್ತಿ ಎತ್ತಿದ್ರು. ಕಂಪನಿ ಹುಡುಗಿ ಹೇಳಿದ್ದಿಷ್ಟು, ಇದು ನನಗ ಆಮ್ಯಾಲೆ ತಿಳೀತು: "ಮೇಡಂ, ಮಾನಿಟರ್ ಕಂಪನಿಯಿಂದ ಮಾತಾಡ್ತಿದ್ದೀನಿ, ನಿಮ್ಮದು ಮೂರು ವರ್ಷದ ಆನ್‌ಸೈಟ್ ಇದೆ. ನಾಳೆ ನಮ್ಮ ಇಂಜಿನಿಯರ್ ಸೈಟಿಗೆ ಬರ್ತಾರೆ. ಸೈಟ್ ಎಲ್ಲಿದೆ ಹೇಳಿ."

ನಮ್ಮ ಅತ್ತಿಗೆ ಗೊತ್ತಿದ್ದ ಸೈಟ್ ಒಂದೇ. ವಿಜಯಪುರ ರೋಡಿನ ಕಡಿ, ಎರಡು ವರ್ಷದ ಹಿಂದ ತಮ್ಮ ಬಂಗಾರದ ಪಾಟ್ಲಿ ಮಾರಿ, ತಮ್ಮ ಹೆಸರಿಗೇ ತಗೊಂಡ ಜಾಗ. ಸೊಸಿ ಮಾನಿಟರ್ ಸಲುವಾಗಿ ಆ ಸೈಟನ್ನ ಮೂರು ವರ್ಷಕ್ಕ ಕಂಪನಿಗೆ ಬರದು ಕೊಟ್ಟಾಳ ಅಂತ ಅವರು ತಿಳಕೊಂಡ್ರು! ಎದಿ ಒಡದು ಹೋಗ್ಯದ, ಆದ್ರ ಬಾಯಿ ಬಿಡಲಿಲ್ಲ. ಹುಡುಗಿಗೆ ಸೈಟಿನ ಗುರುತು ನೀಟಾಗಿ ಹೇಳಿ ಫೋನ್ ಇಟ್ಟಾರ. ನನಗ ಮಾತ್ರ, "ಯಾರೋ ನಾಳಿ ಬರ್ತಾರಂತ" ಅಂದ್ರು. ನಾ ಬಸವಣ್ಣಗ ಕೈ ಮುಗದೆ.

ಮರುದಿನ ಅಂಗಡಿ ಉಡಗಿ, ಮಾನಿಟರ್ ಒರಸಿ, ಇಂಜಿನಿಯರ್ ದಾರಿ ಕಾಯ್ಕೋತ ಕುಂತೆ. ಮಧ್ಯಾಹ್ನದ ಸುಮಾರಿಗೆ ಅವಂದು ಫೋನ್ ಬಂತು. ದನಿ ನಡಗಾಕತ್ತಿತ್ತು.

"ಮೇಡಂ, ನಾ ನಿಮ್ಮ ಸೈಟಿಗೆ ಬಂದೀನ್ರಿ."

"ಎಲ್ಲಿ ಬಂದೀರಿ? ನಾ ಅಂಗಡ್ಯಾಗೇ ಕುಂತೀನಿ."

"ಇಲ್ಲಿ ಅಂಗಡಿ ಏನೂ ಇಲ್ರಿ. ಜಾಲಿಗಿಡ ಅದಾವ. ಒಂದಿಷ್ಟು ಹೆಣ್ಣುಮಕ್ಕಳು ಅದಾರ. ನನ್ನ ಗಾಡಿ ಕೀಲಿ ಕಸಗೊಂಡಾರ್ರಿ. ಜಲ್ದಿ ಬರ್ರಿ!"

ಅಟೋ ಹಿಡದು ಓಡಿದೆ. ಹೋಗಿ ನೋಡ್ತೇನಿ, ಇಂಜಿನಿಯರ್ ಹುಡುಗ ಸೈಟಿನ ಗಡಿಕಲ್ಲಿನ ಮ್ಯಾಲೆ ಡಬ್ಬಿ ತೆಕ್ಕಿ ಹಾಕ್ಕೊಂಡು ಕುಂತಾನ. ಸುತ್ತಲೂ ನಮ್ಮ ಓಣಿ ಹೆಣ್ಣುಮಕ್ಕಳು. ಮುಂದ ಅತ್ತಿ, ಸೆರಗು ನಡಕ್ಕ ಬಿಗದು ನಿಂತಾರ.

"ಬಾರಬೇ, ಬಾ! ನಿನ್ನ ಕಂಪನ್ಯಾಂವ ಬಂದಾನ ನೋಡು. ಮೂರು ವರ್ಷ ನನ್ನ ಸೈಟಿನ ಮ್ಯಾಲೆ ಇರ್ತಾನಂತ! ಒಂದು ಟಿವಿಯಂಥಾ ಡಬ್ಬಿ ಸಲುವಾಗಿ ನನ್ನ ಪಾಟ್ಲಿ ಒತ್ತಿ ಹಾಕಿದ್ಯಾ? ಮೂರು ವರ್ಷ ಹೋಗಲಿ, ಮೂರು ತಾಸೂ ಇಲ್ಲಿ ಕಾಲು ಇಡಗೊಡಂಗಿಲ್ಲ!"

"ಯವ್ವಾ, ನಾ ಇರಾಕ ಬಂದಿಲ್ರಿ" ಅಂತ ಆ ಹುಡುಗ ಅಳೋ ದನಿಲೆ ಅಂದ.

ನನಗ ಆಗ ತಿಳೀತು ನೋಡ್ರಿ. ನಗಬೇಕೋ ಅಳಬೇಕೋ! "ಅತ್ತಿ, ನಿಮ್ಮ ಸೈಟಿಗೂ ಇದಕ್ಕೂ ಸಂಬಂಧಿಲ್ಲ. ಆನ್‌ಸೈಟ್ ಅಂದ್ರ, ಸಾಮಾನು ಕೆಟ್ರ ಅದು ಇದ್ದಲ್ಲಿಗೇ ಬಂದು ರಿಪೇರಿ ಮಾಡೋದು. ಅದಕ್ಕಂತನೇ ನಾ ಎರಡೂವರೆ ಸಾವಿರ ಹೆಚ್ಚಿಗೆ ಕೊಟ್ಟೆ" ಅಂದೆ. ಸುಳ್ಳು ಹೇಳಾಕ ಈಗ ಉಸುರೂ ಇರಲಿಲ್ಲ.

ಅತ್ತಿ ನನ್ನ ನಂಬಲಿಲ್ಲ. ಹುಡುಗನ ಕಡಿ ತಿರುಗಿದ್ರು. "ಖರೆನೇನೋ ತಮ್ಮಾ?"

"ಖರೆ ರೀ ಯವ್ವಾ. ಗೆರಿ ಬಂದ್ರ ರಿಪೇರಿ ಆಗಂಗಿಲ್ಲ. ಹಳೇದು ಒಯ್ತೀವಿ, ಹೊಸಾದು ಕೊಡ್ತೀವಿ. ಇದ ನೋಡ್ರಿ, ಡಬ್ಬ್ಯಾಗ ಹೊಸಾದೇ ತಂದೀನಿ."

"ರೊಕ್ಕ ಎಷ್ಟು?"

"ಒಂದು ಪೈಸಾನೂ ಇಲ್ರಿ. ಮೂರು ವರ್ಷದ ಒಳಗ ಇದ್ರ ಎಲ್ಲಾ ಪುಕ್ಕಟ."

ಈ ಸಲ ದಂಗಾಗೋ ಪಾಳಿ ಅತ್ತೀದು. ಹೆಣ್ಣುಮಕ್ಕಳೆಲ್ಲಾ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅತ್ತಿ ಸೆರಗು ಬಿಚ್ಚಿ, ಗಂಟಿನ್ಯಾಗ ಕಟ್ಟಿಕೊಂಡಿದ್ದ ಗಾಡಿ ಕೀಲಿ ಹುಡುಗನ ಕೈಗೆ ಕೊಟ್ರು. ನನ್ನ ಕಡಿ ನೋಡಿ, "ಅಂಗಡಿ ಕೀಲಿ ನೀನೇ ಇಟ್ಕೋ. ಎರಡೂವರೆ ಸಾವಿರ ಕೊಟ್ಟದ್ದು ಛಲೋನೇ ಆತು" ಅಂದ್ರು. ನನ್ನ ಎದಿ ಮ್ಯಾಲಿನ ಕಲ್ಲು ಇಳೀತು. "ನಡೀರಿ, ಅಂಗಡಿಗೆ ಹೋಗಿ ಹಚ್ಚಿಕೊಡ್ರಿ" ಅಂತ ಇಂಜಿನಿಯರನ್ನ ಎಬ್ಬಿಸಿದೆ.

"ಒಂದೀಟು ನಿಂದರಪಾ" ಅಂತ ಅತ್ತಿ ಅವನ ರಟ್ಟಿ ಹಿಡದು ಸೈಟಿನ ಮೂಲಿಗೆ ಕರಕೊಂಡು ಹೋದ್ರು. ದನಿ ಸಣ್ಣ ಮಾಡಿ ಹೇಳಿದ್ರು:

"ಇಲ್ಲಿ ನೋಡು, ತೆಗ್ಗಾಗ್ಯದ. ಮಳಿ ಬಂದ್ರ ನೀರು ನಿಂದರ್ತದ. ತಗೊಂಡು ಇನ್ನೂ ಎರಡೇ ವರ್ಷ ಆಗ್ಯಾವ ಯಪ್ಪಾ. ಈ ಸೈಟ್ ನೀವು ಒಯ್ರಿ, ರೋಡಿಗೆ ಹತ್ತಿದ್ದು ಹೊಸಾದೊಂದು ಕೊಡ್ರಿ."