ಪುರಭವನದ ಮೆಟ್ಟಿಲೂ ಮೂವತ್ತರ ಪೊರಕೆಯೂ

ಮೂವತ್ತು ತುಂಬುವುದು ಯಾವ ಊರಲ್ಲೂ ತಪ್ಪಲ್ಲ. ಆದರೆ ವೇಸರ್ ನದಿ ದಂಡೆಯ ನಮ್ಮೂರಲ್ಲಿ ಗಂಡಸು ಮದುವೆಯಾಗದೆ ಮೂವತ್ತು ತುಂಬಿಸಿಕೊಂಡನೋ, ಕೆಟ್ಟ. ಹುಟ್ಟುಹಬ್ಬದ ದಿನ ಗೆಳೆಯರು ಅವನನ್ನು ಹಳೇ ಪುರಭವನದ ಮುಂದೆ ಎಳೆದು ತಂದು, ತಲೆಗೆ ಉದ್ದನೆಯ ಕರಿ ಟೋಪಿ ಇಟ್ಟು, ಮೆಟ್ಟಿಲ ತುಂಬ ಬಿಯರ್ ಬಾಟಲಿಯ ಮುಚ್ಚಳ ಸುರಿದು, ಕೈಗೊಂದು ಪೊರಕೆ ಕೊಡುತ್ತಾರೆ. ಮದುವೆಯಾಗದ ಹೆಣ್ಣೊಬ್ಬಳು ಬಂದು ಮುತ್ತು ಕೊಡುವವರೆಗೂ ಬಿಡುಗಡೆಯಿಲ್ಲ. ಅವನು ಗುಡಿಸಿದಷ್ಟೂ ಇವರು ಸುರಿಯುತ್ತಲೇ ಇರುತ್ತಾರೆ.

ಕನ್ನಡಕದ ಅಂಗಡಿಯ ಟೊರ್ಬೆನ್‌ಗೆ ಆ ಪೊರಕೆಯೆಂದರೆ ಪ್ರಾಣಭಯ. ಅವನ ಮೂವತ್ತನೇ ಹುಟ್ಟುಹಬ್ಬ ಬೇರೆ ಶುಕ್ರವಾರ, ಸಂತೆಯ ದಿನ ಬಿದ್ದಿತ್ತು. ಇಡೀ ಊರು ನೋಡುತ್ತದೆ. ಊರಿಗೆ ಅಷ್ಟು ಚೆನ್ನಾಗಿ ಕಣ್ಣು ಕಾಣಿಸುವಂತೆ ಮಾಡಿದವನೂ ಅವನೇ.

ಹಾಗಾಗಿ, ಎರಡು ವರ್ಷದಿಂದ ಗೆಳತಿ ವ್ರೋನಿ "ಮದುವೆ ಯಾವಾಗ?" ಎಂದಾಗಲೆಲ್ಲ "ಬೇಸಿಗೆ ಬರ್ಲಿ", "ಚಳಿ ಹೋಗ್ಲಿ" ಎನ್ನುತ್ತಿದ್ದ ಟೊರ್ಬೆನ್ ಹುಟ್ಟುಹಬ್ಬಕ್ಕೆ ವಾರವಿದ್ದಾಗ ಅವಳ ಮುಂದೆ ಇದ್ದಕ್ಕಿದ್ದಂತೆ ಮಂಡಿಯೂರಿದ.

"ಇನ್ನು ಒಂದು ದಿನಾನೂ ಕಾಯೋಕಾಗಲ್ಲ ವ್ರೋನಿ. ಬರೋ ಶುಕ್ರವಾರ ಬೆಳಗ್ಗೇನೇ ಮದುವೆ ಆಗ್ಬಿಡೋಣ!"

"ಅವತ್ತು ನಿನ್ನ ಹುಟ್ಟಿದಬ್ಬ ಅಲ್ವಾ?"

"ಅದಕ್ಕೇ! ನೀನೇ ನಂಗೆ ಉಡುಗೊರೆ."

ವ್ರೋನಿ ದೇಶದ ದಕ್ಷಿಣ ತುದಿಯ ಬವೇರಿಯಾದವಳು. ಆ ಕಡೆ ಇಂಥ ಪದ್ಧತಿಯಿಲ್ಲ. ಟೋಪಿ ಹಾಕಿ ಗುಡಿಸುವವರನ್ನು ಒಂದೆರಡು ಸಲ ಕಂಡಿದ್ದಳು. ನಗರಸಭೆಯ ನೌಕರರು ಕುಡಿದು ಕೆಲಸಕ್ಕೆ ಬಂದಿದ್ದಾರೆ ಅಂದುಕೊಂಡಿದ್ದಳು. ಪಾಪ, ಟೊರ್ಬೆನ್ನನ ಮಾತು ಕೇಳಿ ಗಳಗಳನೆ ಅತ್ತುಬಿಟ್ಟಳು. ಅವನಿಗೆ ಎದೆ ಚುರುಕ್ ಎಂದಿತು. ಪೊರಕೆಗೆ ಹೆದರಿ ಉಂಗುರ ತಂದನೆಂದು ಗೊತ್ತಾದರೆ ಇವಳು ತನ್ನನ್ನು ಸುಮ್ಮನೆ ಬಿಡುತ್ತಾಳೆಯೇ?

ನಮ್ಮೂರಲ್ಲಿ ಮದುವೆ ನೋಂದಣಿಯೂ ಆ ಪುರಭವನದಲ್ಲೇ. ಶುಕ್ರವಾರ ಬೆಳಗ್ಗೆ ಅದರ ಮುಂಬಾಗಿಲಲ್ಲಿ ಗೆಳೆಯ ಹಿನ್ನರ್ಕ್ ತನ್ನ ದಂಡು ಕಟ್ಟಿಕೊಂಡು, ಮುಚ್ಚಳದ ಚೀಲಗಳ ಸಮೇತ ನಿಂತಿದ್ದ. ಟೊರ್ಬೆನ್ ದೂರದಿಂದಲೇ ನೋಡಿ ಬೆವೆತುಹೋದ.

"ನೀವಿಬ್ರೂ ಒಳಗೆ ನಡೀರಿ. ನಾನು ಟೈ ಮರೆತು ಬಂದೆ," ಎಂದು ವ್ರೋನಿಯನ್ನೂ ಸಾಕ್ಷಿಗೆ ಬಂದಿದ್ದ ತನ್ನ ಸೋದರತ್ತೆ ಹಿಲ್ಕೆಯನ್ನೂ ಮುಂದೆ ಕಳಿಸಿದ.

"ಕತ್ತಲ್ಲಿರೋದು ಏನೋ ಮತ್ತೆ?" ಎಂದರು ಅತ್ತೆ. ಅಷ್ಟರಲ್ಲಿ ಅವನು ಪಕ್ಕದ ಬಾಗಿಲಲ್ಲಿ ಒಳಹೋಗುತ್ತಿದ್ದ ಪ್ರವಾಸಿಗಳ ಗುಂಪಿನೊಳಗೆ ನುಸುಳಿದ್ದ.

ಕಟ್ಟಡ ತೋರಿಸುತ್ತಿದ್ದವರು ನಿವೃತ್ತ ಚರಿತ್ರೆ ಮೇಷ್ಟ್ರು ಫೋಕ್. ಎಲ್ಲರಿಗೂ ಬೂಟಿನ ಮೇಲೆ ದೊಡ್ಡ ಉಣ್ಣೆ ಚಪ್ಪಲಿ ಹಾಕಿಸಿದರು. "ನೀವು ನಡೆದಾಡಿದ್ರೇ ಸಾಕು, ನಮ್ಮ ನೆಲ ಫಳಫಳ ಅನ್ನತ್ತೆ. ಬೇರೆ ಆಳು ಬೇಕಿಲ್ಲ!"

ಮದುವೆ ಮಾಡಿಸುವ ಕೋಣೆಯಿದ್ದದ್ದು ಹಳೇ ಸಭಾಂಗಣದ ಆ ತುದಿಗೆ. ಟೊರ್ಬೆನ್ ಮೆಲ್ಲಗೆ ಗೋಡೆ ಹಿಡಿದು ಜಾರತೊಡಗಿದ.

"ಏಯ್ ಟೊರ್ಬೆನ್! ಸ್ಕೂಲಲ್ಲೂ ಹೀಗೇ ಓಡಿಹೋಗ್ತಿದ್ದೆ. ಬಾ ಇಲ್ಲಿ! ಸೂರಲ್ಲಿ ನೇತಾಡ್ತಿರೋ ಈ ಮಾದರಿ ಹಡಗು ಯಾವ ಕಾಲದ್ದು?"

"ಮೇಷ್ಟ್ರೇ, ನನ್ನ ಮದುವೆ ಇದೆ!"

"ಪರೀಕ್ಷೆ ದಿನ ಅಜ್ಜಿ ಸತ್ರು ಅಂತಿದ್ದೆ. ಈಗ ಮದುವೇನಾ? ಹಡಗು ಹೇಳು!"

ಇನ್ನು ತಡೆಯಲಾಗಲಿಲ್ಲ. ಟೊರ್ಬೆನ್ ಓಟ ಕಿತ್ತ. ಹೊಳಪಿನ ನೆಲ, ಕಾಲಲ್ಲಿ ಉಣ್ಣೆ, ಓಡಬೇಕಾದವನು ತೇಲಿದ. ಅಡ್ಡ ಕಟ್ಟಿದ್ದ ಮಖಮಲ್ ಹಗ್ಗವನ್ನು ಎಳೆದುಕೊಂಡು, ಹಿತ್ತಾಳೆ ಕಂಬಗಳನ್ನು ಢಣಢಣ ಉರುಳಿಸಿ, ಬಾಗಿಲು ಗುದ್ದಿ ತೆರೆದು ನೇರ ವ್ರೋನಿಯ ಪಾದದ ಬಳಿ ಬಂದು ಬಿದ್ದ.

"ಅಯ್ಯೋ ರಾಜ, ಇಷ್ಟೊಂದು ಅವಸರಾನಾ ನಿಂಗೆ?" ಎಂದು ವ್ರೋನಿ ಮತ್ತೆ ಕಣ್ಣೊರೆಸಿಕೊಂಡಳು.

ಉಣ್ಣೆ ಚಪ್ಪಲಿಯಲ್ಲೇ ಮದುವೆಯಾಯಿತು. ಟೊರ್ಬೆನ್‌ಗೆ ಆನೆಬಲ ಬಂತು. ಮುಂಬಾಗಿಲನ್ನು ತಾನೇ ದೂಡಿ, ಮೆಟ್ಟಿಲ ಮೇಲೆ ನಿಂತು, ಮದುವೆ ಪತ್ರ ಎತ್ತಿ ಹಿಡಿದು ಕೂಗಿದ:

"ಹೋಗ್ರೋ ಹೋಗ್ರೋ! ನಂಗೆ ಮದುವೆ ಆಯ್ತು! ನಿಮ್ಮ ಪೊರಕೆ ತಪ್ಪಿಸ್ಕೊಳ್ಳೋಕೇ ಇವತ್ತು ಆಗಿದ್ದು ಕಣ್ರೋ!"

ಕೂಗಿದ ಮೇಲೆ, ಬೆನ್ನ ಹಿಂದೆ ಯಾರಿದ್ದಾರೆಂದು ನೆನಪಾಯಿತು.

"ಯಾವ ಪೊರಕೆ?" ಎಂದಳು ವ್ರೋನಿ, ತೀರ ಮೆತ್ತಗೆ.

ಹಿನ್ನರ್ಕ್ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ. ಕೊನೆಗೆ, "ಹೋಗ್ಲಿ ಬಿಡಮ್ಮ, ಮದುವೆ ಆದವನನ್ನ ಏನೂ ಮಾಡೋ ಹಾಗಿಲ್ಲ," ಎಂದು ಚೀಲ ಕಟ್ಟತೊಡಗಿದ.

"ಇರಿ," ಎಂದಳು ವ್ರೋನಿ. "ಅತ್ತೆ, ಇವನು ಹುಟ್ಟಿದ್ದು ಎಷ್ಟೊತ್ತಿಗೆ?"

"ಕೋಳಿ ಕೂಗೋ ಹೊತ್ತಿಗೆ. ನಾನೇ ಎತ್ಕೊಂಡಿದ್ದೆ," ಎಂದರು ಹಿಲ್ಕೆ ಅತ್ತೆ.

"ಅಂದ್ರೆ ಮೂವತ್ತು ತುಂಬಿದಾಗ ಇನ್ನೂ ಬ್ರಹ್ಮಚಾರಿ! ಸುರೀರಿ ಮುಚ್ಚಳ."

ಮೆಟ್ಟಿಲ ಮೇಲೆ ಝಣಝಣ ಮುಚ್ಚಳದ ಮಳೆ. ಟೋಪಿ ತಲೆಗೇರಿತು. ಟೊರ್ಬೆನ್ ಗುಡಿಸಿದ. ಸಂತೆಯವರೆಲ್ಲ ಆಲೂಗಡ್ಡೆ ಬಿಟ್ಟು ಬಂದು ನೋಡಿದರು. ವ್ರೋನಿಯೂ ಅತ್ತೆಯೂ ಮೆಟ್ಟಿಲ ಪಕ್ಕದ ಕಾಫಿ ಅಂಗಡಿಯ ಕುರ್ಚಿಯಲ್ಲಿ ಮದುವೆಯ ಕೇಕು ಬಿಚ್ಚಿಕೊಂಡು ಕೂತರು.

"ತಪ್ಪಾಯ್ತು ವ್ರೋನಿ," ಎಂದು ಗೋಗರೆದ. "ಒಂದು ಮುತ್ತು ಕೊಟ್ಟು ಬಿಡಿಸ್ಬಿಡು."

"ಯಾರು ಕೊಡ್ಬೇಕಂತೆ ಮುತ್ತು?"

"ಮದುವೆ... ಆಗದವಳು."

"ನಂಗೆ ಆಗ್ಹೋಯ್ತಲ್ಲಪ್ಪ!" ವ್ರೋನಿ ಬೆರಳಿನ ಉಂಗುರ ತೋರಿಸಿದಳು. ಆಮೇಲೆ ಸಂತೆಯ ಕಡೆ ತಿರುಗಿ, "ಯಾವ ಹುಡುಗಿಗೆ ಧೈರ್ಯ ಇದೆ? ಬನ್ನಿ, ನನ್ನ ಗಂಡನಿಗೆ ಮುತ್ತು ಕೊಡಿ, ನೋಡೋಣ!" ಎಂದಳು. ಒಬ್ಬಳೂ ಕದಲಲಿಲ್ಲ.

ಆಗ ಟೊರ್ಬೆನ್‌ಗೆ ಮಿಂಚು ಹೊಳೆದಂತಾಯಿತು. ಎಪ್ಪತ್ತೆಂಟಾದರೂ ಹಿಲ್ಕೆ ಅತ್ತೆ ಮದುವೆಯಾಗಿರಲಿಲ್ಲ!

"ಅತ್ತೇ! ನೀವೇ ಕಾಪಾಡ್ಬೇಕು!"

ಅತ್ತೆ ಅಯ್ಯೋ ಪಾಪ ಎಂದು ಎದ್ದರು. ವ್ರೋನಿ ಅವರ ತಟ್ಟೆಗೆ ಮದುವೆಯ ಬೆಣ್ಣೆ ಕೇಕಿನ ದಪ್ಪ ತುಂಡೊಂದನ್ನು ಹಾಕಿದಳು. "ಕಾಫಿ ಆರಿಹೋಗತ್ತೆ, ಕೂತ್ಕೊಳ್ಳಿ ಅತ್ತೆ."

ಅತ್ತೆ ಅಳಿಯನನ್ನು ನೋಡಿದರು, ಕೇಕನ್ನು ನೋಡಿದರು, ಕೂತರು. ಹೋದ ವಾರ ಟೊರ್ಬೆನ್ನೇ ಮಾಡಿಕೊಟ್ಟಿದ್ದ ಹೊಸ ಕನ್ನಡಕ ಮೂಗಿಗೇರಿಸಿಕೊಂಡು ಕೂಗಿದರು:

"ಲೋ, ಆ ಮೂಲೇಲೊಂದು ಮುಚ್ಚಳ ಬಿಟ್ಟಿದ್ದೀಯ ನೋಡೋ!"